ಬಿಲ್ವದ ಚರಟ

ಕಾಶಿಗೆ ಹೋದವರು ಏನನ್ನಾದರೂ ಬಿಟ್ಟುಬರಬೇಕೆಂಬ ಪದ್ಧತಿ ನಮ್ಮ ಕಡೆ ಇದೆ. ಇಷ್ಟದ ಒಂದು ಹಣ್ಣು, ಇಷ್ಟದ ಒಂದು ತರಕಾರಿ. ನಿಯಮ ಹೇಳುವುದು ಇಷ್ಟವಾದದ್ದನ್ನು ಬಿಡಬೇಕೆಂದು. ಜನ ಬಿಡುವುದು ಹಾಗಲಕಾಯಿಯನ್ನು. ನಮ್ಮ ಬಳಗದ ಹಿರಿಯರೊಬ್ಬರು ಸೇಬು ಬಿಟ್ಟುಬಂದರು. ಆಗ ರಾಣೆಬೆನ್ನೂರಿನಲ್ಲಿ ಸೇಬು ಕಣ್ಣಿಗೆ ಬೀಳುವುದೇ ಅಪರೂಪ. ಮುಂದೆ ಸಂತೆಯಲ್ಲಿ ಗುಡ್ಡೆ ಹಾಕಿ ಮಾರತೊಡಗಿದ ಮೇಲೆ, 'ನಾ ಬಿಟ್ಟಿದ್ದು ಕಾಶ್ಮೀರದ್ದು, ಇದು ಶಿಮ್ಲಾದ್ದು' ಎಂದು ಸಮಾಧಾನದಿಂದ ತಿಂದರು. ಹೀಗೆ ಎಲ್ಲರೂ ಬಿಡಲು ಹೋಗುವ ಊರಿಗೆ ನಾನು ತೆಗೆಯಲು ಹೋದವನು. ಅದೂ ಬಿಲ್ವಪತ್ರೆಯಿಂದ ಸತ್ವ ತೆಗೆಯಲು.

ಎಷ್ಟು ನೀರು, ಎಷ್ಟು ದ್ರಾವಕ, ಎಷ್ಟು ಬಿಸಿ, ಎಷ್ಟು ಹೊತ್ತು ಇಟ್ಟರೆ ಎಲೆಯೊಳಗಿನ ಔಷಧೀಯ ಅಂಶ ಹೆಚ್ಚೆಂದರೆ ಹೆಚ್ಚು ಹೊರಗೆ ಬರುತ್ತದೆ? ನನ್ನ ಪಿಎಚ್.ಡಿ.ಯ ಪ್ರಶ್ನೆ ಇಷ್ಟೇ. ಊರಿನಲ್ಲಿ ಇದನ್ನು ವಿವರಿಸಿದಾಗ ಅವ್ವ ಎಲ್ಲವನ್ನೂ ಕೇಳಿಸಿಕೊಂಡು, 'ಕಷಾಯ ಮಾಡೂದು ಕಲಿಯಾಕ ಅಷ್ಟು ದೂರ ಹೊಂಟೀಯೇನು?' ಎಂದಳು. ಪ್ರಬಂಧದ ಸಾರಾಂಶವನ್ನು ಇಷ್ಟು ಚಿಕ್ಕದಾಗಿ ಮುಂದೆ ನನ್ನ ಪರೀಕ್ಷಕರೂ ಹೇಳಲಿಲ್ಲ.

ಕಾಶಿಯ ಗೋದೌಲಿಯಾದಿಂದ ಮದನಪುರ, ಸೋನಾರಪುರ, ಅಸ್ಸಿ ಹಾದು ಲಂಕಾ ಎಂಬ ಬಡಾವಣೆಗೆ ಹೋಗುವ ದಾರಿಯಲ್ಲಿ ಮೊದಲಿಗೇ ಸಿಗುವುದು ಜಂಗಮವಾಡಿ. ವೀರಶೈವರ ಪಂಚಪೀಠಗಳಲ್ಲೊಂದಾದ ಕಾಶಿ ಪೀಠದ ಮಠ ಇರುವುದರಿಂದ ಸುತ್ತಲಿನ ಗಲ್ಲಿಗಳಿಗೂ ಅದೇ ಹೆಸರು. ಮಠದಲ್ಲಿ ಮೊಘಲ್ ಬಾದಶಹರ ಕಾಲದ ಫರ್ಮಾನುಗಳಿವೆ. ಅಂಗಳ, ಪಡಸಾಲೆ, ಗೋಡೆಯ ಬುಡ, ಎಲ್ಲೆಲ್ಲೂ ಲಿಂಗಗಳಿವೆ. ತೀರಿಕೊಂಡವರಿಗೆ ಪಿಂಡ ಇಡುವ ಬದಲು ಅವರ ಹೆಸರಿನಲ್ಲಿ ಒಂದು ಲಿಂಗ ಸ್ಥಾಪಿಸುವುದು ಇಲ್ಲಿನ ವಾಡಿಕೆ. ತಲೆಮಾರುಗಳಿಂದ ಹೀಗೆ ಕೂಡಿದ ಲಿಂಗಗಳ ಲೆಕ್ಕ ಲಕ್ಷಗಳನ್ನು ದಾಟಿದೆ. ಮಠದ ಹಿಂದಿನ ಗಲ್ಲಿಯಲ್ಲಿ ನನಗೊಂದು ಬಾಡಿಗೆ ಕೋಣೆ ಸಿಕ್ಕಿತು. ದಿನವಿಡೀ ಹಿಂದಿಯಲ್ಲಿ ಬದುಕಿ, ಸಂಜೆ ಮಠದ ಬಾಗಿಲಲ್ಲಿ 'ಯಾವೂರ್ರೀ ನಿಮ್ಮದು?' ಎಂಬ ದನಿ ಕೇಳಿದರೆ ದಣಿವು ಇಳಿಯುತ್ತಿತ್ತು. 'ಏನ್ ಓದಾಕತ್ತೀರಿ?' ಎಂಬ ಎರಡನೆಯ ಪ್ರಶ್ನೆಗೆ ಇಳಿದದ್ದೆಲ್ಲ ಮತ್ತೆ ಏರುತ್ತಿತ್ತು.

ಲಂಕಾದ ಚಹಾ ಅಂಗಡಿಯಲ್ಲಿ ನನಗೆ 'ಮದ್ರಾಸಿ' ಎಂದೇ ಹೆಸರು. ಎದುರಿಗೆ ಕಾಣುವ ಹಿಂದೂ ವಿಶ್ವವಿದ್ಯಾಲಯ 1916ರಲ್ಲಿ ಶುರುವಾದಾಗ ಅದರ ಮೊದಲ ಕುಲಾಧಿಪತಿ ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಎಂದು ಎದೆಯುಬ್ಬಿಸಿ ಹೇಳಿದೆ. ಚಹಾದವನು ತುಂಬ ಗೌರವದಿಂದ, 'ಹೌದಾ! ಮದ್ರಾಸಿನವರು ಆಗಿನಿಂದಲೂ ಇಲ್ಲಿಗೆ ಬರುತ್ತಿದ್ದರು ಅನ್ನಿ' ಎಂದ.

ಕಾಶಿಯಲ್ಲಿ ಬಿಲ್ವಪತ್ರೆಗೆ ಬರವಿಲ್ಲ, ಬೆಲೆ ಮಾತ್ರ ಇದೆ. ಶ್ರಾವಣದಲ್ಲಿ ಅದು ಗಗನಕ್ಕೇರುತ್ತದೆ. ಉತ್ತರದವರ ಶ್ರಾವಣ ಹುಣ್ಣಿಮೆಯ ಮರುದಿನ ಶುರುವಾದರೆ ನಮ್ಮದು ಅಮಾವಾಸ್ಯೆಯ ಮರುದಿನ. ಅವರದು ಮುಗಿಯುವ ಹೊತ್ತಿಗೆ ನಮ್ಮದಿನ್ನೂ ಅರ್ಧದಲ್ಲಿರುತ್ತದೆ; ದಕ್ಷಿಣದ ಯಾತ್ರಿಕರು ತಮ್ಮ ಶ್ರಾವಣವನ್ನು ತಾವೇ ಹೊತ್ತುಕೊಂಡು ಬರುತ್ತಾರೆ. ಎರಡೂ ಸೇರಿ ಶಿವನಿಗೆ ಒಂದೂವರೆ ತಿಂಗಳ ಹಬ್ಬ, ನನಗೆ ಒಂದೂವರೆ ತಿಂಗಳ ತುಟ್ಟಿ.

ಹೇಗೂ ಒಣಗಿಸಿ ಪುಡಿ ಮಾಡುವ ಎಲೆ, ದೇವರಿಗೆ ಆಗದ ಹರಿದದ್ದು ತೂತು ಬಿದ್ದದ್ದನ್ನು ಅಗ್ಗಕ್ಕೆ ಕೊಡು ಎಂದು ಪತ್ರೆ ಮಾರುವವನ ಹತ್ತಿರ ಚೌಕಾಸಿ ಮಾಡಿದೆ. ಅವನು ಒಪ್ಪಿದ, ನನ್ನ ಗೈಡ್ ಒಪ್ಪಲಿಲ್ಲ. ನಿಂಬೆ ಚಿಟ್ಟೆಯ ಹುಳು ಬಿಲ್ವದ ಎಲೆಯನ್ನೂ ಮೇಯುತ್ತದೆ. ಹುಳು ಕಚ್ಚಿದ ಗಿಡ ಆ ಪೆಟ್ಟಿಗೆ ತನ್ನೊಳಗಿನ ರಸಾಯನಗಳನ್ನು ಹೆಚ್ಚುಕಡಿಮೆ ಮಾಡಿಕೊಳ್ಳುತ್ತದೆ. ಹರಿಯದ, ತೂತಿಲ್ಲದ, ಬಾಡದ, ಮೂರೂ ದಳ ಕೂಡಿದ, ಆದಷ್ಟು ಒಂದೇ ಪ್ರಾಯದ ಎಲೆಯೇ ಆಗಬೇಕು. ವಿಶ್ವನಾಥನ ಶರತ್ತೂ ಗೈಡಿನ ಶರತ್ತೂ ಒಂದೇ ಆಗಿದ್ದರಿಂದ ನನಗೂ ಭಕ್ತರ ದರವೇ ಬಿತ್ತು.

ಎಲೆಗೆ ಗುರುತಿನ ಪತ್ರವೂ ಬೇಕು. ಒಂದು ಟೊಂಗೆಯನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, 'ಇದು ಈಗಲ್ ಮಾರ್ಮೆಲೋಸ್, ರೂಟೇಸಿ ಕುಟುಂಬ' ಎಂದು ಸಸ್ಯಶಾಸ್ತ್ರದವರಿಂದ ಬರೆಸಿ, ಹರ್ಬೇರಿಯಮ್ಮಿಗೆ ಒಪ್ಪಿಸಿ ನಂಬರು ತರಬೇಕು. ರೂಟೇಸಿ ಎಂದರೆ ನಿಂಬೆ, ಕಿತ್ತಳೆಗಳ ಮನೆತನ. ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆಯ ಚುಕ್ಕೆಗಳು ಹೊಳೆಯುತ್ತವೆ. ಕಾಶಿಯ ಗೂಳಿಗಳೂ ದೂರದಿಂದಲೇ ಗುರುತಿಸಿ ಬಾಯಿ ಹಾಕುವ ಎಲೆಗೆ ನಾನು ಸಹಿ ಮಾಡಿಸಲು ಸಾಲಿನಲ್ಲಿ ನಿಂತೆ.

ನೆರಳಲ್ಲಿ ಒಣಗಿಸಬೇಕು. ಮಾಳಿಗೆಯ ಮೇಲೆ ಹರಡುವಂತಿಲ್ಲ, ಕೋತಿಗಳು ಯಾವ ಸಂಶೋಧನೆಗೂ ಬೆಲೆ ಕೊಡುವುದಿಲ್ಲ. ಕೋಣೆಯ ನೆಲದ ತುಂಬ ಪತ್ರಿಕೆ ಹಾಸಿ ಬಿಲ್ವ ಹರಡಿ, ಫ್ಯಾನು ಹಚ್ಚಿ, ನಾನು ಗೋಡೆಗೆ ಅಂಟಿಕೊಂಡು ಮಲಗುತ್ತಿದ್ದೆ. ಮನೆಯೊಡತಿ ಅಮ್ಮಾಜಿ ಒಮ್ಮೆ ಬಾಗಿಲು ತೆಗೆದು ನೋಡಿದವರು ಚಪ್ಪಲಿ ಹೊರಗೇ ಬಿಟ್ಟು ಕೈಮುಗಿದು ನಿಂತರು. ಬಿಲ್ವದ ನಡುವೆ ಮಲಗುವ ಹುಡುಗ ಎಂದು ಗಲ್ಲಿಯಲ್ಲಿ ನನ್ನ ಕೀರ್ತಿ ಹಬ್ಬಿತು. ಬಾಡಿಗೆ ತಡವಾದರೂ ಕೇಳುವವರಿರಲಿಲ್ಲ. ಒಣಗಿದ ಎಲೆಯನ್ನು ಮಿಕ್ಸರಿಗೆ ಹಾಕಿ ತಿರುವಿದ ದಿನ ಆ ಭಕ್ತಿ ಸ್ವಲ್ಪ ಇಳಿಯಿತು. ಬಾಡಿಗೆಯ ತಾರೀಖು ಮತ್ತೆ ನೆನಪಾಯಿತು.

ಹೀಗಿರುವಾಗ ಒಮ್ಮೆ ಜಂಗಮವಾಡಿಗೆ ರೋಣದ ಕಡೆಯಿಂದ ಅಜ್ಜಿಯೊಬ್ಬರು ಬಂದರು. ಯಜಮಾನರ ಹೆಸರಿನಲ್ಲಿ ಲಿಂಗ ಕೂಡಿಸಬೇಕೆಂದು ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಯಜಮಾನರು ಊರಿನಲ್ಲಿ ಕಷಾಯ, ಲೇಹ ಕೊಡುತ್ತಿದ್ದವರಂತೆ. 'ಬಿಲ್ವಪತ್ರಿ ಮ್ಯಾಲೆ ಓದತಾನಂತ' ಎಂದು ಯಾರೋ ಹೇಳಿದ್ದರಿಂದ ನನ್ನನ್ನು ಹುಡುಕಿಕೊಂಡು ಬಂದರು. ನಾನು ಮೊಬೈಲಿನಲ್ಲಿ ನಮ್ಮ ಸಾಕ್ಸ್‌ಲೆಟ್ಟಿನ ಫೋಟೋ ತೋರಿಸಿದೆ.

'ಏನಪಾ ತಮ್ಮಾ, ಇದು?'

'ಮ್ಯಾಲೆ ಈ ಕೊಳವಿಯೊಳಗ ಎಲಿ ಪುಡಿ ಐತ್ರೀ ಯವ್ವಾ. ಕೆಳಗ ಕುದಿಯೋದು ಆವಿ ಆಗಿ ಮ್ಯಾಲೆ ಹೋಗತೈತಿ, ತಂಪಾಗಿ ಪುಡಿ ಮ್ಯಾಲೆ ಹನಿ ಹನಿ ಬೀಳತೈತಿ. ಕೊಳವಿ ತುಂಬಿತು ಅಂದ್ರ ಎಲ್ಲಾ ಒಮ್ಮೆಲೇ ಕೆಳಗ ಇಳೀತೈತಿ. ಮತ್ತ ಆವಿ, ಮತ್ತ ಹನಿ.'

'ಅಭಿಷೇಕ ಮಾಡಿದಂಗ ಐತಲ್ಲೋ!'

ಇದನ್ನು 1879ರಲ್ಲಿ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಎಂಬವರು ಹಾಲಿನ ಕೊಬ್ಬು ಅಳೆಯುವುದಕ್ಕಾಗಿ ಮಾಡಿದ್ದು ಎಂದು ಹೇಳಿದೆ. ಹಾಲಿನ ಹೆಸರು ಕೇಳಿ ಅಜ್ಜಿಗೆ ಅಭಿಷೇಕದ ಬಗ್ಗೆ ಇದ್ದ ಸಂಶಯವೂ ಹೋಯಿತು.

'ಹನಿ ಬೀಳೂದು ಗಂಗಾ ನೀರೇನು?'

'ನೀರಲ್ರೀ. ಮೆಥನಾಲ್ ಅಂತ, ಒಂಥರಾ ಸ್ಪಿರಿಟ್.'

'ಸಾರಾಯಿ?'

'ಕುಡಿಯೋದಲ್ರೀ ಇದು. ಕುಡಿದ್ರ ಕಣ್ಣು ಹೋಗತಾವ, ಜೀವಾನೂ ಹೋಗತೈತಿ.'

ಸಮಾಧಾನ ಮಾಡಲೆಂದು ಆಡಿದ ಮಾತು. ಅಜ್ಜಿ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು. 'ಶಿವನ ಪತ್ರಿನ್ನ ವಿಷದಾಗ ಕುದಸ್ತಿ?'

ನಾನು ದಶಮೂಲಾರಿಷ್ಟದ ಮೊರೆ ಹೋದೆ. 'ಬಾಣಂತಿ ಇದ್ದಾಗ ಕುಡಿದಿಲ್ಲೇನ್ರೀ? ಅದರಾಗಿನ ಹತ್ತು ಬೇರಿನೊಳಗ ಬಿಲ್ವದ ಬೇರೂ ಒಂದು. ಬೆಲ್ಲ ಹಾಕಿ ಹುದುಗು ಬರಸ್ತಾರ. ಶೀಸೆ ಮ್ಯಾಲೆ ಓದ್ರಿ, ತಾನಾಗೇ ಹುಟ್ಟಿದ ಆಲ್ಕೋಹಾಲ್ ಶೇಕಡಾ 5ರಿಂದ 10 ಅಂತ ಬರದಿರತಾರ.' ಅಜ್ಜಿ ಕ್ಷಣ ಹೊತ್ತು ಲೆಕ್ಕ ಹಾಕಿದರು. ಹಡೆದಾಗಲೆಲ್ಲ ಕುಡಿದಿದ್ದರು. ಮೊಮ್ಮಗ ನಗು ತಡೆಯಲಾರದೆ ಹೊರಗೆ ಹೋದ. 'ಅದು ಔಷಧಾ' ಎಂದು ತೀರ್ಪು ಕೊಟ್ಟು ಅಜ್ಜಿ ಮುಂದಿನ ಪ್ರಶ್ನೆಗೆ ಬಂದರು.

'ಮತ್ತ ಚರಟ ಏನ್ ಮಾಡ್ತಿ?'

'ಯಾವ ಚರಟಾರೀ?'

'ಸತ್ವ ತಗದಮ್ಯಾಲೆ ಎಲಿ ಉಳೀತೈತಲ್ಲೋ, ಅದು. ನಮ್ಮವರು ಕಷಾಯ ಸೋಸಿದ್ದು ಹಿತ್ತಲದಾಗ ಗಿಡದ ಬುಡಕ್ಕ ಹಾಕ್ತಿದ್ರು. ಬಿಲ್ವಪತ್ರಿ ಇದ್ರಂತೂ ತುಳಿಯೋ ಜಾಗದಾಗ ಹಾಕಗೊಡತಿರಲಿಲ್ಲ. ನೀ ಎಲ್ಲಿ ಹಾಕ್ತಿ?'

ಮೆಥನಾಲಿನಲ್ಲಿ ನೆನೆದ ಪುಡಿ ಗಿಡದ ಬುಡಕ್ಕೆ ಆಗದು, ಗಂಗೆಗಂತೂ ಆಗಲೇಬಾರದು. ಮುಚ್ಚಳದ ಡ್ರಮ್ಮಿಗೆ ಹಾಕಿ, ಮೇಲೆ ಅಪಾಯದ ಚೀಟಿ ಅಂಟಿಸಿ, ತ್ಯಾಜ್ಯದ ಗಾಡಿಗೆ ಕೊಡಬೇಕು. ಹಾಗೆಂದು ಹೇಳಿದೆ. ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡು, 'ಹಂಗಾರ ತಿರುಳು ನೀ ತಗೊಂಡಿ, ವಿಷ ಅದಕ್ಕ ಕೊಟ್ಟಿ' ಎಂದು ಹೋದರು. ಮರುದಿನ ಲಿಂಗ ಕೂಡಿತು, ಸಂಜೆಯ ರೈಲಿಗೆ ಅವರು ಊರಿಗೆ ಹೊರಟರು. ಹೆಸರು ಕೇಳಿಕೊಂಡಿರಲಿಲ್ಲ, 'ಯವ್ವಾ' ಎಂದು ಕರೆದವರ ಹೆಸರು ಕೇಳುವುದು ನಮ್ಮ ಕಡೆ ರೂಢಿಯಲ್ಲ.

ಆಮೇಲೆ ನಾನು ಓದಿದ ಲೇಖನಗಳಲ್ಲೆಲ್ಲ ಚರಟವನ್ನು ಹುಡುಕತೊಡಗಿದೆ. ಎಲೆ ಎಷ್ಟು ಗ್ರಾಂ, ದ್ರಾವಕ ಎಷ್ಟು ಮಿಲಿಲೀಟರು, ಸತ್ವ ಶೇಕಡಾ ಎಷ್ಟು, ಎಲ್ಲ ಇದೆ. ಸೋಸುವ ಕಾಗದದ ಮೇಲೆ ಉಳಿದದ್ದು ಅಲ್ಲಿಂದ ಮುಂದೆ ಎಲ್ಲಿಗೂ ಹೋಗುವುದಿಲ್ಲ; ವಾಕ್ಯ ಮುಗಿದಲ್ಲೇ ಮುಗಿಯುತ್ತದೆ. ಔಷಧದಲ್ಲಿ ಉಳಿಯಬಹುದಾದ ದ್ರಾವಕಕ್ಕೆ ಅಂತರರಾಷ್ಟ್ರೀಯ ಮಿತಿಗಳಿವೆ: ಹೆಕ್ಸೇನ್ ಹತ್ತು ಲಕ್ಷದಲ್ಲಿ 290 ಪಾಲು, ಮೆಥನಾಲು 3000, ಎಥನಾಲು ಕಡಿಮೆ ಅಪಾಯದ ಗುಂಪಿಗೆ ಸೇರಿದ್ದು, 5000ದವರೆಗೆ ಸಲ್ಲುತ್ತದೆ. ಇದೆಲ್ಲ ನುಂಗುವವನ ಹೊಟ್ಟೆಯ ಲೆಕ್ಕ. ಚರಟಕ್ಕೆ ಆ ಪಟ್ಟಿಯಲ್ಲಿ ಸಾಲಿಲ್ಲ.

ಅಜ್ಜಿಯ ಯಜಮಾನರು ಮಡಕೆಗೆ ಕಡ್ಡಿ ಅದ್ದಿ ಗುರುತು ಮಾಡಿ ನೀರು ಇಂಗಿಸುತ್ತಿದ್ದರಂತೆ. ಅದರ ಮೂಲ ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋದೆ. ಶಾರ್ಙ್ಗಧರ ಸಂಹಿತೆಯಲ್ಲಿ ಕ್ವಾಥದ ವಿಧಿ ಇದೆ: ತರಿಯಾಗಿ ಕುಟ್ಟಿದ ದ್ರವ್ಯ ಒಂದು ಪಾಲು, ನೀರು 16 ಪಾಲು, ಮಣ್ಣಿನ ಪಾತ್ರೆ, ಸಣ್ಣ ಉರಿ, ಎಂಟನೆಯ ಒಂದು ಭಾಗ ಉಳಿಯುವವರೆಗೆ. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕುವ ಹಿಮಕ್ಕೆ ಆರು ಪಾಲು ನೀರು, ಬಿಸಿನೀರು ಹೊಯ್ದು ಸೋಸುವ ಫಾಂಟಕ್ಕೆ ನಾಲ್ಕು. ಕಣದ ಗಾತ್ರ, ದ್ರಾವಕದ ಪ್ರಮಾಣ, ಉಷ್ಣತೆ, ಅವಧಿ, ನನ್ನ ಪ್ರಬಂಧದ ಕಂಬಗಳೆಲ್ಲ ಅಲ್ಲಿ ನಿಂತಿದ್ದವು. 'ಎಲ್ಲ ನಮ್ಮ ಹಿರಿಯರಿಗೆ ಗೊತ್ತಿತ್ತು' ಎಂದು ಅಲ್ಲಿಯೇ ಪುಸ್ತಕ ಮುಚ್ಚಿದ್ದರೆ ಪಿಎಚ್.ಡಿ. ಬಿಟ್ಟು ಭಾಷಣ ಮಾಡಬಹುದಿತ್ತು. ಆದರೆ ಹದಿನಾರೇ ಯಾಕೆ, ಹನ್ನೆರಡು ಯಾಕಲ್ಲ ಎಂದು ಕೇಳಿದರೆ ಶ್ಲೋಕ ಉತ್ತರ ಕೊಡುವುದಿಲ್ಲ. ನಮ್ಮ ಗ್ರಾಫುಗಳು ಹುಟ್ಟಿದ್ದೇ ಆ ಅಧಿಕಪ್ರಸಂಗಕ್ಕೆ.

ಮೂರು ಅಂಶಗಳನ್ನು ಮೂರು ಮೂರು ಮಟ್ಟದಲ್ಲಿಟ್ಟು ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ನೋಡಬೇಕೆಂದರೆ 27 ಪ್ರಯೋಗ. ಅಷ್ಟು ಎಲೆ ಯಾರಿಗೆ ಕೈಗೆಟುಕುತ್ತದೆ? ಜಾರ್ಜ್ ಬಾಕ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ವಿಲ್ಸನ್ ಜೊತೆಗೂಡಿ 1951ರಲ್ಲಿ ಇದಕ್ಕೊಂದು ಉಪಾಯ ತೋರಿಸಿದರು. 1960ರಲ್ಲಿ ಬೆನ್‌ಕೆನ್ ಜೊತೆಗೆ ಇನ್ನೂ ಹಗುರವಾದ ವಿನ್ಯಾಸ ಕೊಟ್ಟರು. ಘನದ ಅಂಚುಗಳ ನಡುವೆ 12 ಪ್ರಯೋಗ, ನಟ್ಟನಡುವೆ ಕೆಲವು ಪುನರಾವರ್ತನೆ, ಅಷ್ಟರಿಂದಲೇ ಇಡೀ ಮೇಲ್ಮೈಯನ್ನು ಊಹಿಸಬಹುದು. ಮಾಡದ ಪ್ರಯೋಗದ ಫಲವೂ ತಿಳಿಯುತ್ತದೆ ಎಂದಾಗ ನನಗೆ ಗಣಿತದ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು. ಕಂಪ್ಯೂಟರ್ ಪರದೆಯಲ್ಲಿ ಬಣ್ಣಬಣ್ಣದ ಗುಡ್ಡವೊಂದು ಏಳುತ್ತದೆ; ಅದರ ನೆತ್ತಿಯೇ ನಮಗೆ ಬೇಕಾದದ್ದು.

ಗುಡ್ಡ ಏಳುವ ಮೊದಲು ತಂತ್ರಾಂಶ ಕೇಳುತ್ತದೆ: ನಿನಗೆ ಯಾವುದು ಬೇಕು, ಹೆಚ್ಚು ಬೇಕೋ ಕಡಿಮೆ ಬೇಕೋ, ಎಷ್ಟು ಮುಖ್ಯ? ಮುಖ್ಯವಾದಷ್ಟೂ ಕೂಡಿಸುವ ಚಿಹ್ನೆ ಸೇರಿಸಬೇಕು, ಹೆಚ್ಚೆಂದರೆ ಐದು. 'ಇನ್ನು ಸಾಕಪ್ಪಾ ಶಿವನೇ' ಎನ್ನಲು ದೇಶದ ಮೂಲೆಮೂಲೆಯಿಂದ ಜನ ಬರುವ ಊರಿನಲ್ಲಿ ಕುಳಿತು 'ಗರಿಷ್ಠ' ಎಂಬಲ್ಲಿ ಐದು ಕೂಡಿಸುವ ಚಿಹ್ನೆ ಒತ್ತಿದವನು ನಾನೊಬ್ಬನೇ ಇರಬೇಕು.

ಗರಿಷ್ಠ ಏನು ಎಂಬುದೂ ನೆಟ್ಟಗಿನ ಪ್ರಶ್ನೆಯಲ್ಲ. ಫೀನಾಲುಗಳನ್ನು ಅಳೆಯಲು ನಾವು ಬಳಸುವ ಫೋಲಿನ್-ಸಿಯೋಕಾಲ್ಟು ಕಾರಕ 1927ರದು. ಸತ್ವಕ್ಕೆ ಬೆರೆಸಿದರೆ ನೀಲಿ ಏರುತ್ತದೆ. 765 ನ್ಯಾನೋಮೀಟರಿನಲ್ಲಿ ಎಷ್ಟು ನೀಲಿಯೋ ಅಷ್ಟು ಫೀನಾಲು ಎಂದು ಬರೆದುಕೊಳ್ಳುತ್ತೇವೆ. ಆದರೆ ವಿಟಮಿನ್ ಸಿ ಇದ್ದರೂ ಅದು ನೀಲಿಯಾಗುತ್ತದೆ, ಕೆಲವು ಸಕ್ಕರೆಗಳಿಗೂ ನೀಲಿಯಾಗುತ್ತದೆ. ನಾನು ಗುಡ್ಡದ ನೆತ್ತಿಗೆ ಏರಿಸುತ್ತಿದ್ದದ್ದು ಔಷಧವನ್ನೋ, ನೀಲಿ ಬಣ್ಣವನ್ನೋ ಎಂದು ಗೈಡನ್ನು ಕೇಳಿದೆ. 'ಸಬ್ಮಿಟ್ ಮಾಡುವವರೆಗೂ ಔಷಧ' ಎಂದರು.

ಗೈಡ್ ಪ್ರತಿ ಬ್ಯಾಚಿಗೂ ಹೇಳುತ್ತಿದ್ದ ಕತೆ ಚೀನಾದ ತೂ ಯೂಯೂ ಅವರದು. ಮಲೇರಿಯಾಕ್ಕೆ ಚಿಂಗ್‌ಹಾವ್ ಎಂಬ ಗಿಡದ ಸತ್ವ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ನಾಲ್ಕನೆಯ ಶತಮಾನದ ಗ ಹಾಂಗ್ ಎಂಬ ವೈದ್ಯನ ಪುಸ್ತಕದಲ್ಲಿ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದಿತ್ತು, ಕುದಿಸಬೇಕೆಂದಿರಲಿಲ್ಲ. ಬಿಸಿಯೇ ಔಷಧವನ್ನು ಕೆಡಿಸುತ್ತಿದೆ ಎಂದು ಅವರಿಗೆ ಹೊಳೆಯಿತು. 1971ರಲ್ಲಿ, 35 ಡಿಗ್ರಿಗೇ ಕುದಿಯುವ ಈಥರನ್ನು ಬಳಸಿದರು, ಆರ್ಟಿಮಿಸಿನಿನ್ನಿನ ದಾರಿ ತೆರೆಯಿತು, 2015ರಲ್ಲಿ ನೊಬೆಲ್ ಬಂತು. 'ದ್ರಾವಕ ಬದಲಿಸಿದರೆ ನೊಬೆಲ್ ಬರುತ್ತದೆ' ಎಂದು ಗೈಡ್ ಕತೆ ಮುಗಿಸುತ್ತಿದ್ದರು. ನಾವು ದ್ರಾವಕ ಬದಲಿಸಬೇಕೆಂದಾಗ ಮಾತ್ರ ಖರೀದಿ ಸಮಿತಿಯ ಸಭೆ ಮುಂದಿನ ತಿಂಗಳಿಗೆ ಹೋಗುತ್ತಿತ್ತು.

ಇನ್ನೊಂದು ಕತೆಯನ್ನು ಅವರು ದನಿ ತಗ್ಗಿಸಿ ಹೇಳುತ್ತಿದ್ದರು. ಬಿಲ್ವದೆಲೆಯಲ್ಲಿ ಈಜೆಲೀನ್ ಎಂಬ ಅಂಶವಿದೆ. ಅದೇ ಅಂಶವನ್ನು ಕಾರ್ಖಾನೆಯಲ್ಲಿ ತಯಾರಿಸಿ ಅಮೆರಿಕದಲ್ಲಿ ತೂಕ ಇಳಿಸುವ ಪೂರಕವೊಂದಕ್ಕೆ ಸೇರಿಸಿದ್ದರು. 2013ರಲ್ಲಿ ಹವಾಯಿಯಲ್ಲಿ ಅದನ್ನು ತೆಗೆದುಕೊಂಡ ಹಲವರ ಯಕೃತ್ತು ಕೆಟ್ಟಿತು. ಈಜೆಲೀನ್ ಸುರಕ್ಷಿತ ಎನ್ನಲು ಪುರಾವೆ ಎಲ್ಲಿ ಎಂದು ಅಲ್ಲಿನ ಔಷಧ ಇಲಾಖೆ ಕೇಳಿತು, ಸರಕು ವಾಪಸು ಹೋಯಿತು. ಶಿವನ ತಲೆಯ ಮೇಲೆ ದಿನವೂ ಬೀಳುವ ಎಲೆ ಎಂಬ ಮಾತು ಪುರಾವೆಯಾಗುವುದಿಲ್ಲ. ಎಲೆ ಬೇರೆ, ಎಲೆಯಿಂದ ಒಂದನ್ನೇ ಹೆಕ್ಕಿ ಹೆಚ್ಚಿಸಿದ್ದು ಬೇರೆ.

ಬೇಸಿಗೆಯಲ್ಲಿ ಗೋದೌಲಿಯಾದ ಹತ್ತಿರ ಬಿಲ್ವದ ಹಣ್ಣಿನ ಶರಬತ್ತಿನ ಗಾಡಿಗಳು ನಿಲ್ಲುತ್ತವೆ. ನನ್ನ ಖಾಯಂ ಗಾಡಿಯವನು ಹಣ್ಣನ್ನು ಒಡೆದು, ತಿರುಳು ತೋಡಿ, ತಣ್ಣೀರಲ್ಲಿ ನೆನೆಹಾಕಿ, ಕೈಯಿಂದಲೇ ಕಿವುಚಿ ಸೋಸುತ್ತಿದ್ದ. ಮಿಕ್ಸರ್ ಯಾಕಿಲ್ಲ ಎಂದರೆ ಬೀಜ ಒಡೆದರೆ ಕಹಿ ಎಂದ. ನಿಜ, ಬೀಜದ ಸುತ್ತಲಿನ ಅಂಟಿನಲ್ಲಿ ಕಹಿಯಿದೆ. ಇನ್ನೂ ಗಟ್ಟಿಯಾಗಿ ಹಿಂಡಿದರೆ ಇನ್ನೊಂದು ಲೋಟ ಬರುವುದಿಲ್ಲವೇ ಎಂದು ಕೇಳಿದೆ. 'ಬರುತ್ತದೆ ಬಾಬೂ, ಆಮೇಲೆ ನೀವು ಬರುವುದಿಲ್ಲ' ಎಂದ. ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಹೇಳಿಕೊಟ್ಟದ್ದು ಕುಡಿಯುವವರ ಮುಖ. ನನ್ನ ತಂತ್ರಾಂಶಕ್ಕೆ ಮುಖ ಕಾಣುವುದಿಲ್ಲ, ನೀಲಿ ಕಾಣುತ್ತದೆ.

ಆ ಶರಬತ್ತು ಕುಡಿಯುತ್ತಲೇ ನಾನು ಮೆಥನಾಲು ಬಿಡಬೇಕೆಂದು ತೀರ್ಮಾನಿಸಿದೆ. ನೀರು ಮತ್ತು ಎಥನಾಲು ಸಾಕು. ಬರೀ ಎಥನಾಲಿಗೆ ಒಣಗಿದ ಎಲೆ ಸುಲಭವಾಗಿ ಸಡಿಲುವುದಿಲ್ಲ. ಬರೀ ನೀರಿಗೆ ಅದು ಉಬ್ಬಿ ಸಡಿಲುತ್ತದೆ, ಆದರೆ ಸಕ್ಕರೆ, ಅಂಟು ಎಲ್ಲವೂ ಕರಗಿ ಬರುತ್ತವೆ. ಎರಡನ್ನೂ ಕೂಡಿಸಿದರೆ ನೀರು ಬಾಗಿಲು ತೆಗೆಯುತ್ತದೆ, ಎಥನಾಲು ಬೇಕಾದವರನ್ನು ಕರೆದುಕೊಂಡು ಬರುತ್ತದೆ. ಉಳಿದ ಚರಟವನ್ನು ಬೆಚ್ಚಗೆ ಮಾಡಿ ಎಥನಾಲು ಹಿಡಿದುಕೊಂಡರೆ, ಮಿಕ್ಕದ್ದು ಗೊಬ್ಬರದ ಗುಂಡಿಗೆ ಹೋಗುವಷ್ಟು ಸಭ್ಯವಾಗಿರುತ್ತದೆ.

ಗೈಡಿನ ಮುಂದೆ ಅಜ್ಜಿಯ ಮಾತನ್ನು ಹಾಗೆಯೇ ಇಡುವ ಧೈರ್ಯ ಬರಲಿಲ್ಲ. 'ಗ್ರೀನ್ ಸಾಲ್ವೆಂಟ್, ಸರ್' ಎಂದೆ. ಅವರ ಮುಖ ಅರಳಿತು. 'ಜರ್ನಲ್‌ನವರು ಈಗ ಅದನ್ನೇ ಕೇಳುತ್ತಿದ್ದಾರೆ.' ಹೀಗೆ ರೋಣದ ಆಕ್ಷೇಪಣೆ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಅಂಗೀಕಾರ ಪಡೆದು ಜಂಗಮವಾಡಿಗೆ ವಾಪಸು ಬಂತು. ಅಡಚಣೆ ಬಂದದ್ದು ಬೇರೆ ಕಡೆಯಿಂದ. ಕಣ್ಣು ತೆಗೆಯುವ ಮೆಥನಾಲು ರಸಾಯನದ ಅಂಗಡಿಯಿಂದ ಸೀದಾ ಬರುತ್ತಿತ್ತು. ಎಥನಾಲಿಗೆ ಅಬಕಾರಿ ಪರವಾನಗಿ, ಬೀಗ ಹಾಕಿದ ಕಪಾಟು, ಮಿಲಿಲೀಟರು ಲೆಕ್ಕದ ರಿಜಿಸ್ಟರು. ಇಷ್ಟು ಆವಿಯಾಯಿತು ಎಂದು ಬರೆದರೆ ಗುಮಾಸ್ತ ನನ್ನ ಕಣ್ಣು ನೋಡುತ್ತಿದ್ದ.

ಗುಡ್ಡ ಎದ್ದಿತು. ನೆತ್ತಿ ನೀರು-ಎಥನಾಲುಗಳ ಮಿಶ್ರಣದಲ್ಲೇ, ನಡುಬಿಸಿಯಲ್ಲೇ ಸಿಕ್ಕಿತು. ಇದೇ ಪದವಿ ಕೊಡಿಸಿತು. ಆದರೆ ಆ ದಿನಗಳಿಂದ ನನ್ನ ಜೊತೆ ಉಳಿದದ್ದು ರೋಟರಿ ಇವ್ಯಾಪೊರೇಟರಿನ ಪಕ್ಕದ ಸಂಜೆಗಳು. ಸೋಸಿದ ಸತ್ವವನ್ನು ದುಂಡು ಫ್ಲಾಸ್ಕಿನಲ್ಲಿ ತಿರುಗಿಸುತ್ತ, ಒತ್ತಡ ಇಳಿಸಿ ದ್ರಾವಕವನ್ನು ಹಾರಿಸುವಾಗ ಮೊದಲಿಗೆ ಹೊರಡುವುದು ಬಿಲ್ವದ ವಾಸನೆ. ಎಲೆಯ ಎಣ್ಣೆಯಲ್ಲಿ ಲಿಮೋನೀನಿನಂಥ ಹಗುರ ಅಂಶಗಳಿವೆ, ಅವು ನಿಲ್ಲುವುದಿಲ್ಲ. ಇಡೀ ಕೋಣೆ ಸೋಮವಾರದ ಗುಡಿಯಾಗುತ್ತಿತ್ತು, ಫ್ಲಾಸ್ಕಿನಲ್ಲಿ ಕಂದು ಬಣ್ಣದ ಅಂಟು ಉಳಿಯುತ್ತಿತ್ತು. ನನ್ನ ಪಟ್ಟಿಯ ಪ್ರಕಾರ ಆ ಅಂಟೇ ಸತ್ವ. ವಾಸನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದೇ ಎಂದು ಕೇಳಿದಾಗ ಗೈಡ್ ಹೇಳಿದರು, 'ಅದು ಬೇರೆಯವರ ಟಾಪಿಕ್.'

ಈಗ ಬೆಂಗಳೂರಿನ ಹೊರವಲಯದಲ್ಲಿ ಗಿಡಮೂಲಿಕೆಗಳ ಸತ್ವ ತೆಗೆಯುವ ಕಾರ್ಖಾನೆಯೊಂದರಲ್ಲಿದ್ದೇನೆ. ಇಲ್ಲಿ ಫ್ಲಾಸ್ಕಿನ ಬದಲು ಮಹಡಿಯೆತ್ತರದ ಉಕ್ಕಿನ ಪಾತ್ರೆಗಳು. ಲಾರಿಯಲ್ಲಿ ಬಂದ ಎಲೆ ಡಬ್ಬಿಯಲ್ಲಿ ಹೊರಡುತ್ತದೆ. ಬಹುಪಾಲು ಚರಟವಾಗಿ ಹಿಂದಿನ ಗೇಟಿಗೆ ಬೀಳುತ್ತದೆ. ಹೊಸದಾಗಿ ಸೇರಿದ ಮಕ್ಕಳು ಲ್ಯಾಪ್‌ಟಾಪಿನಲ್ಲಿ ಬಣ್ಣದ ಗುಡ್ಡ ತೋರಿಸಿದಾಗಲೆಲ್ಲ ನಾನು ಚರಟ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಸಾರಿಗೆ ವಯಸ್ಸಾಯಿತು ಎಂಬುದು ಆ ನೋಟದ ಅರ್ಥ.

ಈ ಸಲ ಒಬ್ಬ ಹುಡುಗಿ ಹಾಗೆ ನೋಡಲಿಲ್ಲ. ಹೋಗಿ ಚರಟವನ್ನು ತೂಗಿ, ಅದರಲ್ಲಿ ಕುಳಿತಿದ್ದ ಎಥನಾಲನ್ನು ಅಳೆದು, ಗುಡ್ಡಕ್ಕೆ ಇನ್ನೊಂದು ಲೆಕ್ಕ ಸೇರಿಸಿದಳು. ನೆತ್ತಿ ಸ್ವಲ್ಪ ಜರುಗಿತು. ಸತ್ವ ಒಂದಿಷ್ಟು ಕಡಿಮೆ. ಆದರೆ ದ್ರಾವಕವೂ ಕಡಿಮೆ, ಚರಟಕ್ಕೆ ಹಬೆ ಇನ್ನಷ್ಟು ಹೊತ್ತು ಕೊಟ್ಟರೆ ಎಥನಾಲು ವಾಪಸು, ಉಳಿದದ್ದು ಗೊಬ್ಬರಕ್ಕೆ. ನಾನು ವರ್ಷಗಟ್ಟಲೆ ಕೇಳಿದಾಗ ಕಿವಿಗೊಡದ ಅಕೌಂಟ್ಸ್ ವಿಭಾಗ, ಎಥನಾಲಿನ ಬಿಲ್ಲು ನೋಡಿದ ದಿನವೇ ಓಡಿ ಬಂತು. ಸಲಹೆಗೆ ಬಹುಮಾನವಿದೆ, ಫಾರ್ಮು ತುಂಬಿ ಎಂದರು. ಹುಡುಗಿ, ಪ್ರಶ್ನೆ ನಿಮ್ಮದು ಸಾರ್ ಎಂದಳು. ನನ್ನದಲ್ಲಮ್ಮ ಎಂದು 'ಮೂಲ ಸಲಹೆ ಕೊಟ್ಟವರು' ಎಂಬಲ್ಲಿ 'ರೋಣದ ಕಡೆಯ ಅಜ್ಜಿ' ಎಂದು ಬರೆದೆ. ಎಂಪ್ಲಾಯಿ ಕೋಡ್ ಇಲ್ಲವೆಂದು ಫಾರ್ಮು ವಾಪಸು ಬಂದಿದೆ. ಹೆಸರಾದರೂ ಕೊಡಿ, ಹೇಗಾದರೂ ಮಾಡೋಣ ಎನ್ನುತ್ತಾರೆ ಅಕೌಂಟ್ಸಿನವರು, ಪಾಪ, ಒಳ್ಳೆಯವರು.